ಪ್ರಶಸ್ತಿಗಳ ಪಟ್ಟಿಯಾಚೆಗಿನ ಅರೀಥಾ

ಮಾನ್ಯರೇ,

ಅಮೆರಿಕದ ಕಪ್ಪುವರ್ಣೀಯರ ಭಕ್ತಿಗೀತೆಗಳಲ್ಲಿ ಬೇರೂರಿದ ‘ಸೋಲ್’ (soul) ಸಂಗೀತದ ಮೇರು ಗಾಯಕಿ ಅರೀಥಾ ಫ್ರಾಂಕ್ಲಿನ್ ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಬರಹವು ಅವರ 18 ಗ್ರ್ಯಾಮಿ ಪ್ರಶಸ್ತಿಗಳನ್ನು ಎಣಿಸಿದೆಯೇ ಹೊರತು, ಆ ಕಂಠ ರೂಪುಗೊಂಡ ಬಗೆಯನ್ನು ಹೇಳದೇ ಹೋಗಿರುವುದು ದೊಡ್ಡ ಕೊರತೆ. ಡೆಟ್ರಾಯಿಟ್‌ನಲ್ಲಿ ತಂದೆ ಪಾದ್ರಿಯಾಗಿದ್ದ ಚರ್ಚಿನಲ್ಲಿ ಬಾಲ್ಯದಿಂದಲೇ ಭಕ್ತಿಗೀತೆ ಹಾಡುತ್ತ ಬೆಳೆದ ಅವರು, 1987ರಲ್ಲಿ ಸಂಗೀತ ಸಾಧಕರ ಗೌರವ ಪಟ್ಟಿಯಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದ ಮೊದಲ ಮಹಿಳೆ. ಆದರೆ ಅವರ ನಿಜವಾದ ಎತ್ತರ ಕಾಣುವುದು ವೇದಿಕೆಯ ಮೇಲೆ. 2015ರಲ್ಲಿ, ತಮ್ಮ 73ನೇ ವಯಸ್ಸಿನಲ್ಲಿ, ವಾಷಿಂಗ್ಟನ್ನಿನ ಕೆನಡಿ ಸೆಂಟರ್‌ನಲ್ಲಿ ಪಿಯಾನೊ ನುಡಿಸುತ್ತ ಹಾಡಲಾರಂಭಿಸಿದ ಅವರು, ನಡುವೆ ಎದ್ದುನಿಂತು, ಮೈಮೇಲಿನ ತುಪ್ಪಳದ ಕೋಟು ಕೆಳಗೆ ಜಾರುವಂತೆ ಬಿಟ್ಟು ದನಿಯೇರಿಸಿದಾಗ ಸಭಾಂಗಣವೇ ಎದ್ದುನಿಂತಿತು. ಅಧ್ಯಕ್ಷ ಒಬಾಮ ಹಾಡು ಕೇಳುತ್ತ ಕಣ್ಣೊರೆಸಿಕೊಂಡರು. ಪುಲಿಟ್ಜರ್ ವಿಶೇಷ ಗೌರವ ಮಾತ್ರ ಅವರು ತೀರಿಕೊಂಡು ಎಂಟು ತಿಂಗಳಾದ ಮೇಲೆ, 2019ರಲ್ಲಿ ಬಂದಿತೆಂಬುದು ಅಭಿಮಾನಿಗಳಾದ ನಮಗೆ ಇಂದಿಗೂ ನೋವಿನ ಸಂಗತಿ.

1972ರಲ್ಲಿ ಲಾಸ್ ಏಂಜಲೀಸ್‌ನ ಚರ್ಚೊಂದರಲ್ಲಿ ಎರಡು ರಾತ್ರಿ ಅವರು ಹಾಡಿದ ಭಕ್ತಿಗೀತೆಗಳ ಧ್ವನಿಮುದ್ರಣ ಇಂದಿಗೂ ಕೇಳಲು ಲಭ್ಯವಿದೆ. ಸಂಗೀತ ಬಲ್ಲವರಿಂದ ಅದರ ಕುರಿತು ಒಂದು ವಿವರವಾದ ಲೇಖನ ಬರೆಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಮೈಸೂರು