ಕೆಲಸಕ್ಕೆ ಸೇರುವ ತಮ್ಮನಿಗೆ

ದುಬೈ

ಪ್ರೀತಿಯ ತಮ್ಮ ಸುನಿಲನಿಗೆ,

ಕರ್ತನ ನಾಮದಲ್ಲಿ ವಂದನೆ. ಮುಂದಿನ ವಾರದಿಂದ ನೀನು ಕುಂಬಳೆಯಲ್ಲಿ ಟ್ರೈನು ಹತ್ತಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತೀಯಂತೆ. ಲೋಕದ ಗಾಳಿ ತಾಗದ ಹಾಗೆ ನಾಲ್ಕು ಮಾತು ಬರೆ ಎಂದು ಅಮ್ಮ ಹೇಳಿದರು. ಅಮ್ಮನ ಲೆಕ್ಕದಲ್ಲಿ ಲೋಕವೆಂದರೆ ಕುಡಿತ, ಸಿನಿಮಾ. ಆದರೆ ಬೈಬಲಿನ ಮತ್ತಾಯ 13:22ರಲ್ಲಿ ದೇವರ ವಾಕ್ಯವನ್ನು ಅಡಗಿಸುವ ಮುಳ್ಳುಗಳೆಂದು ಕರ್ತನಾದ ಯೇಸು ಹೇಳಿದ್ದು ಪ್ರಪಂಚದ ಚಿಂತೆಯನ್ನು, ಐಶ್ವರ್ಯದ ಮೋಸವನ್ನು. ಆರಾಧನೆ ತಪ್ಪಿಸದವರಲ್ಲೂ ಇವೆರಡು ಬೆಳೆಯುತ್ತವೆ. ಹಾಗಾಗಿ ಸಂಬಳದಿಂದಲೇ ಶುರು ಮಾಡುತ್ತೇನೆ.

ಸಂಬಳ ಕೈಗೆ ಬಂದ ದಿನವೇ ದಶಮಾಂಶ, ಅಂದರೆ ದೇವರಿಗೆ ಕೊಡುವ ಹತ್ತರಲ್ಲೊಂದು ಪಾಲು, ತೆಗೆದಿಡು. ಇಪ್ಪತ್ತು ಸಾವಿರ ಬಂದರೆ ಎರಡು ಸಾವಿರ ಬೇರೆ ಲಕೋಟೆಗೆ. ತಿಂಗಳ ಕೊನೆಗೆ ಕೊಡೋಣವೆಂದರೆ ಏನೂ ಉಳಿದಿರುವುದಿಲ್ಲ. ಈ ವರ್ಷ ಬೈಕಿನ ಸಾಲ ಬೇಡ ಮಾರಾಯ. ಕಂತು ಕಟ್ಟಲಿಕ್ಕೆಂದು ಭಾನುವಾರ ಓವರ್‌ಟೈಮ್ ಒಪ್ಪಿಕೊಳ್ಳುತ್ತಾರೆ, ಆರಾಧನೆ ತಪ್ಪಲು ಶುರುವಾಗುವುದು ಅಲ್ಲಿಂದ. ಶಿಫ್ಟೇ ಭಾನುವಾರ ಬಿದ್ದರೆ ಸಂಜೆಯ ಆರಾಧನೆ ಎಲ್ಲಿದೆಯೆಂದು ಮೊದಲೇ ವಿಚಾರಿಸಿಡು. ಇನ್ನು ಲಾಟರಿ. ಕೇರಳ ಸರ್ಕಾರವೇ 1967ರಿಂದ ನಡೆಸುತ್ತಿದೆ, ತಪ್ಪೇನು ಎಂದು ಕೇಳುವವರು ನಮ್ಮವರಲ್ಲೂ ಇದ್ದಾರೆ. ಟಿಕೆಟಿಗೆ ಹೋಗುವ ದುಡ್ಡು ಸಣ್ಣದು. ಡ್ರಾ ಆಗುವವರೆಗೆ ಪ್ರಾರ್ಥನೆಗೆ ಕೂತಾಗಲೂ ಮನಸ್ಸು ಬಹುಮಾನವನ್ನೇ ಹಂಚುತ್ತಿರುತ್ತದಲ್ಲ, ದೊಡ್ಡ ನಷ್ಟ ಅದು.

ಫೋನಿನ ವಿಷಯ ನಿನಗೆ ಇಷ್ಟವಾಗಲಿಕ್ಕಿಲ್ಲ. ರಾತ್ರಿ ಅದನ್ನು ಚಾವಡಿಯಲ್ಲಿ ಚಾರ್ಜಿಗೆ ಹಾಕು, ಏಳಲಿಕ್ಕೆ ಒಂದು ಅಲಾರಾಂ ಗಡಿಯಾರ ತೆಗೆದುಕೋ. ಬೆಳಿಗ್ಗೆ ಫೋನು ಮುಟ್ಟುವ ಮೊದಲು ಇಪ್ಪತ್ತು ನಿಮಿಷ: ಒಂದು ಅಧ್ಯಾಯ, ಎರಡು ಸಲ, ಒಮ್ಮೆಯಾದರೂ ಗಟ್ಟಿಯಾಗಿ. ಮನಸ್ಸಿಗೆ ನಾಟಿದ ಒಂದು ವಚನ ಪುಸ್ತಕದಲ್ಲಿ ಬರೆದು ಅದನ್ನೇ ಹಿಡಿದು ಪ್ರಾರ್ಥಿಸು. ಸತ್ಯವೇದವನ್ನು ಆ್ಯಪಿನಲ್ಲಿ ಓದಬೇಡ, ಓದುವ ಮಧ್ಯೆಯೇ ವಾಟ್ಸಾಪ್ ಇಣುಕುತ್ತದೆ. ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಹಟವೂ ಈಗ ಬೇಡ. 1189 ಅಧ್ಯಾಯ, ದಿನಕ್ಕೆ ಮೂರಕ್ಕಿಂತ ಹೆಚ್ಚು. ಆದಿಕಾಂಡ ಸಲೀಸಾಗಿ ಓಡುತ್ತದೆ, ಯಾಜಕಕಾಂಡದಲ್ಲಿ ಗಾಡಿ ನಿಲ್ಲುತ್ತದೆ, ಬಾಕಿಯ ಅಧ್ಯಾಯಗಳು ಸೇರಿ ನಾಚಿಕೆಯಾಗಿ ಪುಸ್ತಕವೇ ಮುಚ್ಚಿಹೋಗುತ್ತದೆ. ಮಾರ್ಕನ ಸುವಾರ್ತೆಯಿಂದ ಶುರು ಮಾಡು, ಇರುವುದೇ ಹದಿನಾರು ಅಧ್ಯಾಯ.

ರೀಲ್ಸ್ ಬಿಟ್ಟರೆ ಸಾಲದು. ಟ್ರೈನಿನಲ್ಲಿ ಆ ಹೊತ್ತಿಗೆ ಏನು ಮಾಡುತ್ತೀಯೆಂದು ಈಗಲೇ ಗೊತ್ತು ಮಾಡು. ಗುಡಿಸಿ ಖಾಲಿ ಬಿಟ್ಟ ಮನೆಗೆ ಅಶುದ್ಧಾತ್ಮ ಇನ್ನೂ ಏಳನ್ನು ಕರೆದುಕೊಂಡು ಬಂದದ್ದು ಮತ್ತಾಯ 12ರಲ್ಲಿದೆ. ಹೋಗುವಾಗ ಒಂದು ಕೀರ್ತನೆ ಬಾಯಿಪಾಠ ಮಾಡು, ಬರುವಾಗ ಬೇಕಾದರೆ ನಿದ್ದೆ ಮಾಡು. ನಿದ್ದೆಗೆಟ್ಟವನಿಗೆ ಶೋಧನೆ, ಅಂದರೆ ಪಾಪದ ಸೆಳೆತ, ತಡೆಯುವ ಶಕ್ತಿಯೂ ಕಮ್ಮಿ, ಹನ್ನೊಂದಕ್ಕೆ ಮಲಗಿಬಿಡು.

ಲೋಕದಿಂದ ದೂರವೆಂದು ನೆರೆಹೊರೆಯವರಿಂದ ದೂರವಾಗಬೇಡ. ಹಾಗಾದರೆ ಲೋಕವನ್ನೇ ಬಿಟ್ಟು ಹೋಗಬೇಕಾದೀತೆಂದು ಪೌಲನು 1 ಕೊರಿಂಥ 5:10ರಲ್ಲಿ ಬರೆದಿದ್ದಾನೆ. ಭಟ್ರ ಮನೆಯ ಮದುವೆಗೆ ಹೋಗು, ಬ್ಯಾರಿ ಗೆಳೆಯರ ಇಫ್ತಾರಿಗೂ ಹೋಗು. ಪೂಜೆಯಲ್ಲಿ ಪಾಲುಗೊಳ್ಳುವುದು ಬೇರೆ ಸಂಗತಿ. ಅಲ್ಲಿ ನಗುತ್ತಲೇ, "ನಾನು ಇಲ್ಲೇ ಕೂರ್ತೇನೆ" ಅಂದರೆ ಸಾಕು, ನಮ್ಮೂರಿನವರಿಗೆ ಅರ್ಥವಾಗುತ್ತದೆ. ವಾದಕ್ಕೆ ಇಳಿಯಬೇಡ.

ಕೊನೆಯದಾಗಿ, ಚರ್ಚಿನ ಸಭೆಯಲ್ಲಿ ನಿನಗಿಂತ ಹಿರಿಯರೊಬ್ಬರನ್ನು ಆರಿಸಿಕೋ, ಬಾಯಿ ಬಿಗಿಯಿರುವವರನ್ನು. ವಾರಕ್ಕೊಮ್ಮೆ ಅವರು ನಿನ್ನನ್ನು ಕೇಳಲಿ: ಏನು ಓದಿದೆ, ಏನು ನೋಡಿದೆ, ಹಣ ಎಲ್ಲಿಗೆ ಹೋಯಿತು? ಯುವಜನರ ವಾಟ್ಸಾಪ್ ಗುಂಪಿನಲ್ಲಿ ಇದೆಲ್ಲ ಹೇಳಬೇಡ. ಯಾರನ್ನು ಕೇಳುವುದೆಂದು ತೋಚದಿದ್ದರೆ ಈ ಭಾನುವಾರವೇ ಸಭಾಪಾಲಕರ ಹತ್ತಿರ ಮಾತಾಡು.

ಅಪ್ಪ ಅಮ್ಮನಿಗೆ ನನ್ನ ವಂದನೆ ಹೇಳು.

ನಿನ್ನ ಅಣ್ಣ