ವಿವರಣೆಗೆ ತಾಳೆಯಾಗದ ಡಿಸ್ಕ್‌ಗಳು: ಹಣ ವಾಪಸಿಗೆ ದೂರು ಪತ್ರ

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕೆಲ್ಟಿಕ್ ಸಂಗೀತದ ಸಿಡಿಗಳು ಮತ್ತು ಸಾಹಸ ಚಿತ್ರಗಳ ಡಿಸ್ಕ್‌ಗಳು ಮಾರಾಟದ ವಿವರಣೆಯಂತೆ ಇಲ್ಲದಿರುವುದು, ನಿಮ್ಮ ಉತ್ತರಕ್ಕೆ ಆಕ್ಷೇಪ

ಮಾನ್ಯರೇ,

ನಿಮ್ಮ ಆನ್‌ಲೈನ್ ಮಳಿಗೆಯಿಂದ ತರಿಸಿದ ಮೂರು ಸಿಡಿ, ಎರಡು ಡಿವಿಡಿ ಹಾಗೂ ಒಂದು ಬ್ಲೂ-ರೇ ಪೆಟ್ಟಿಗೆಯ ಬಗ್ಗೆ ಈ ಪತ್ರ. ರಸೀದಿ, ನಿಮ್ಮ ಮಾರಾಟ ಪುಟದ ಪ್ರತಿ ಮತ್ತು ಫೋಟೊಗಳನ್ನು ಲಗತ್ತಿಸಿದ್ದೇವೆ. ನಮ್ಮ ಮೊದಲ ದೂರಿಗೆ ನೀವು ಕೊಟ್ಟ ಉತ್ತರ ಒಂದೇ ಸಾಲಿನದು: ಎಲ್ಲವೂ ಪ್ಲೇಯರ್‌ನಲ್ಲಿ ಓಡುತ್ತವೆ, ಆದ್ದರಿಂದ ದೋಷವಿಲ್ಲ. ಓಡುತ್ತವೋ ಇಲ್ಲವೋ ಎಂದು ನಾವು ಕೇಳಿಯೇ ಇರಲಿಲ್ಲ. ಪುಟದಲ್ಲಿ ಬರೆದ ವಸ್ತು ಬಂದಿಲ್ಲ ಎಂಬುದು ದೂರು. ಸಂಗ್ರಾಹಕರು ದುಡ್ಡು ಕೊಡುವುದು ಯಾವ ಮುದ್ರಣ, ಯಾವ ಆವೃತ್ತಿ, ಎಂಥ ಸ್ಥಿತಿ ಎಂಬುದನ್ನು ನೋಡಿ. ಬರೀ ಕೇಳಬೇಕಿದ್ದರೆ ಸ್ಟ್ರೀಮಿಂಗ್ ಇದ್ದೇ ಇದೆ.

ಮೊದಲು ಬ್ರಿಟನಿಯ ಸಿಡಿ. ಫೆಸ್ಟ್-ನೋಜ್ ಎಂಬ ರಾತ್ರಿ ನೃತ್ಯಕೂಟದಲ್ಲಿ ನೇರವಾಗಿ ಧ್ವನಿಮುದ್ರಿಸಿದ್ದು ಇದು. ನಿಮ್ಮ ಪಟ್ಟಿ ಇದನ್ನು ‘ಐರಿಷ್’ ವಿಭಾಗಕ್ಕೆ ಹಾಕಿದೆ. ಬ್ರಿಟನಿ ಇರುವುದು ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ. ಬೇಕಾದವರ ಕಣ್ಣಿಗೆ ಬೀಳದಿರಲಿ ಎಂದೇ ಅಲ್ಲಿಟ್ಟಂತಿದೆ. ಅದು ಹಾಗಿರಲಿ. ವಿವರಣೆ ‘ಕಾರ್ಖಾನೆಯ ಮೂಲ ಮುದ್ರಣ’ ಎನ್ನುತ್ತದೆ, ಬಂದಿರುವುದು ಸಿಡಿ-ಆರ್, ಅಂದರೆ ಖಾಲಿ ಡಿಸ್ಕಿಗೆ ಕಂಪ್ಯೂಟರಿನಲ್ಲಿ ಬರೆದ (ಬರ್ನ್ ಮಾಡಿದ) ನಕಲು. ಅಚ್ಚೊತ್ತಿದ ಸಿಡಿಯ ಕೆಳಬದಿ ಬೆಳ್ಳಿಯಂತೆ ಹೊಳೆಯುತ್ತದೆ, ಇದರದು ತಿಳಿಹಸಿರು. ಬಣ್ಣವೊಂದನ್ನೇ ನಂಬಿ ಹೇಳುತ್ತಿಲ್ಲ; ಬೆಳ್ಳಿಯಂತೆ ಕಾಣುವ ಸಿಡಿ-ಆರ್‌ಗಳೂ ಉಂಟು. ಒಳ ಉಂಗುರ ನೋಡಿ. ಕಾರ್ಖಾನೆಯ ಡಿಸ್ಕ್‌ಗೆ ಅಲ್ಲಿ ಯಾವ ಅಚ್ಚಿನಿಂದ ಬಂತೆಂದು ಹೇಳುವ ಮ್ಯಾಟ್ರಿಕ್ಸ್ ಸಂಖ್ಯೆ ಇರುತ್ತದೆ, ಸಾಮಾನ್ಯವಾಗಿ ಕ್ಯಾಟಲಾಗ್ ಸಂಖ್ಯೆಯೂ ಅದರಲ್ಲೇ ಸೇರಿರುತ್ತದೆ. 1994ರಿಂದೀಚೆಗೆ ಕಾರ್ಖಾನೆಯನ್ನು ಗುರುತಿಸುವ ಐಎಫ್‌ಪಿಐ ಸಂಕೇತವನ್ನೂ ಒತ್ತುವ ರೂಢಿ ಬಂತು. ನೀವು ಕಳಿಸಿದ್ದರಲ್ಲಿ ಎರಡೂ ಇಲ್ಲ. ಇನ್ನೂ ಅನುಮಾನವಿದ್ದರೆ ಡಿಸ್ಕನ್ನು ಕಂಪ್ಯೂಟರಿನ ರೈಟರ್‌ಗೆ ಹಾಕಿ ಏಟಿಪ್ ಮಾಹಿತಿ ಓದಿಸಿ. ಖಾಲಿ ಡಿಸ್ಕ್ ತಯಾರಾಗುವಾಗಲೇ ಅದರ ಸುರುಳಿ ತೋಡಿನಲ್ಲಿ ಸೇರಿಸುವ ಗುರುತು ಅದು. ಅಚ್ಚೊತ್ತಿದ ಸಿಡಿಯಲ್ಲಿ ಇರುವುದಿಲ್ಲ. ಇದರಲ್ಲಿದೆ. ತೆರೆಯ ಚಿತ್ರ ಲಗತ್ತಿನಲ್ಲಿದೆ.

ನಕಲು ಮಾಡಿದವರು ಅದನ್ನೂ ನೆಟ್ಟಗೆ ಮಾಡಿಲ್ಲ. ಬೆಟ್ಟಸೀಮೆಯ ಗಾವೊಟ್ ನೃತ್ಯದ ಮೂರು ಭಾಗಗಳು, ಅಂದರೆ ತೋನ್ ಸಿಂಪ್ಲ್, ತಾಮ್-ಕ್ರೇಜ್, ತೋನ್ ದೂಬ್ಲ್, ಈ ಸಂಕಲನದಲ್ಲಿ ಬೇರೆ ಬೇರೆ ಟ್ರ್ಯಾಕ್‌ಗಳು. ಟ್ರ್ಯಾಕ್ ಬದಲಾದರೂ ಸದ್ದು ನಿಲ್ಲಕೂಡದು. ಕುಣಿಯುವವರ ಹೆಜ್ಜೆ ಸಪ್ಪಳ ಹರಿಯುತ್ತಲೇ ಇರಬೇಕು. ‘ಕಾನ್ ಹಾ ದಿಸ್ಕಾನ್’ ಎಂಬ ಇಬ್ಬರ ಸರದಿ ಹಾಡಿಕೆಯಲ್ಲಂತೂ ಮೊದಲನೆಯವರ ಸಾಲಿನ ಕೊನೆಯ ಅಕ್ಷರಗಳ ಮೇಲೆಯೇ ಎರಡನೆಯವರು ದನಿ ಸೇರಿಸಿ ಸಾಲನ್ನು ಎತ್ತಿಕೊಳ್ಳುತ್ತಾರೆ; ಉಸಿರಿಗೂ ಅಲ್ಲಿ ಬಿಡುವಿಲ್ಲ. ನಿಮ್ಮ ಡಿಸ್ಕಿನಲ್ಲಿ ಪ್ರತಿ ಟ್ರ್ಯಾಕಿನ ನಡುವೆ ಎರಡು ಸೆಕೆಂಡಿನ ಮೌನವಿದೆ. ಟ್ರ್ಯಾಕ್‌ಗಳನ್ನು ಒಂದೊಂದಾಗಿ ಬರ್ನ್ ಮಾಡಿದಾಗ ಹೀಗಾಗುತ್ತದೆ. ಇಡೀ ಡಿಸ್ಕನ್ನು ಒಂದೇ ಪಟ್ಟಿನಲ್ಲಿ ಬರೆದಿದ್ದರೆ ಆಗುತ್ತಿರಲಿಲ್ಲ. ಅದಕ್ಕೂ ಮಿಗಿಲಾದದ್ದು, ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಸದ್ದಿನ ಆವರ್ತನಗಳ ಚಿತ್ರದಲ್ಲಿ, 16 ಕಿಲೋಹರ್ಟ್ಸ್‌ನಿಂದ ಮೇಲೆ ಗೋಡೆ ಕಟ್ಟಿದಂತೆ ಖಾಲಿ. ಸಿಡಿ ಸೆಕೆಂಡಿಗೆ 44,100 ಮಾದರಿ ತೆಗೆಯುವುದರಿಂದ 22 ಕಿಲೋಹರ್ಟ್ಸ್‌ವರೆಗೂ ಜಾಗವಿದೆ. ಹಳೆಯ ಟೇಪಿನಲ್ಲಿ ಮೇಲಿನ ಸ್ವರಗಳು ಮೆಲ್ಲಗೆ ಇಳಿಯುತ್ತವೆ, ಹೀಗೆ ತಟ್ಟನೆ ಕಡಿದುಹೋಗುವುದಿಲ್ಲ. ಇದು ಸದ್ದನ್ನು ಕುಗ್ಗಿಸಿದ 128 ಕಿಲೋಬಿಟ್ ಎಂಪಿ3 ಕಡತ ಬಿಟ್ಟುಹೋಗುವ ಗುರುತು. ಬೊಂಬಾರ್ಡ್‌ನಂಥ ತೀಕ್ಷ್ಣ ದನಿಯ ವಾದ್ಯ ಇದರಲ್ಲಿ ಮೂಗು ಕಟ್ಟಿಕೊಂಡಂತೆ ಕೇಳುತ್ತದೆ.

ಎರಡನೆಯದು ಇಲಿನ್ ಪೈಪ್ಸ್ ಎಂಬ ಐರಿಷ್ ಚೀಲವಾದ್ಯದ (ಬ್ಯಾಗ್‌ಪೈಪ್) ಸಿಡಿ. ಇದು ನಿಜಕ್ಕೂ ಮೂಲ ಮುದ್ರಣ, ಅದನ್ನು ಒಪ್ಪುತ್ತೇವೆ. ಆದರೆ ‘ಹೊಸದರಂತಿದೆ’ ಎಂದು ಬರೆದವರು ಡಿಸ್ಕನ್ನು ತಿರುಗಿಸಿ ನೋಡಿಲ್ಲ. ಹೊರ ಅಂಚಿನಿಂದ ಒಳಕ್ಕೆ ತಾಮ್ರದ ಕಂದು ಬಣ್ಣ ಹಬ್ಬಿದೆ. ಸಂಗ್ರಾಹಕರಲ್ಲಿ ಇದು ತಿಳಿಯದ ವಿಷಯವಲ್ಲ: 1988ರಿಂದ 1993ರವರೆಗೆ ಬ್ರಿಟನ್ನಿನ ಒಂದು ಕಾರ್ಖಾನೆಯಲ್ಲಿ ತಯಾರಾದ ಅನೇಕ ಸಿಡಿಗಳ ಮೇಲ್ಪದರದ ಲ್ಯಾಕರ್ ಗಟ್ಟಿಯಿರಲಿಲ್ಲ, ಪುಸ್ತಿಕೆಯ ಕಾಗದದ ಗಂಧಕ ಅದರೊಳಗೆ ಇಳಿದು ಬೆಳಕನ್ನು ಪ್ರತಿಫಲಿಸುವ ಪದರವನ್ನು ತಿಂದಿತು. ಸಿಡಿಯ ದತ್ತಾಂಶ ಒಳಗಿನಿಂದ ಹೊರಗೆ ಸಾಗುತ್ತದೆ. ಹಾಗಾಗಿ ಅಂಚು ಹಾಳಾದರೆ ಮೊದಲು ಕೆಡುವುದು ಕೊನೆಯ ಟ್ರ್ಯಾಕ್. ಇಲ್ಲಿ ಕೊನೆಯದು ನಿಧಾನ ಲಯದ ಸ್ಲೋ ಏರ್. ಪೈಪಿನ ಡ್ರೋನ್ (ಆಧಾರ ಶ್ರುತಿ) ಒಂದೇ ಸ್ವರದಲ್ಲಿ ನಿಂತಿರುವಾಗ ಅದರ ಮೇಲೆ ಟಿಕ್ ಟಿಕ್ ಸದ್ದು. ರೀಲ್ ಎಂಬ ಚುರುಕು ಕುಣಿತದ ಧಾಟಿಯ ವೇಗದಲ್ಲಿ ಇದು ಮುಚ್ಚಿಹೋಗುತ್ತಿತ್ತೇನೋ. ಕಂಪ್ಯೂಟರಿನಲ್ಲಿ ಎರಡು ಸಲ ಓದಿಸಿದರೆ ಮೊದಲ ಟ್ರ್ಯಾಕ್‌ಗಳ ಚೆಕ್‌ಸಮ್ (ಓದಿದ ದತ್ತಾಂಶದಿಂದ ಲೆಕ್ಕ ಹಾಕುವ ತಾಳೆ ಸಂಖ್ಯೆ) ತಾಳೆಯಾಗುತ್ತದೆ, ಕೊನೆಯ ಎರಡರದು ಆಗುವುದಿಲ್ಲ, ಸಿ2 ಎಂಬ ಓದಿನ ದೋಷಗಳೂ ಅಲ್ಲೇ ಗುಂಪುಗೂಡಿವೆ. ಪ್ಲೇಯರ್ ಕಳೆದುಹೋದ ಮಾದರಿಗಳನ್ನು ಅಂದಾಜಿನಿಂದ ತುಂಬುತ್ತದೆ, ಆದ್ದರಿಂದ ನಿಮ್ಮ ಪ್ಲೇಯರ್‌ನಲ್ಲಿ ‘ಓಡಿದೆ’.

ಇದಕ್ಕೆ ನಿಮ್ಮ ಸಿಬ್ಬಂದಿ ಫೋನಿನಲ್ಲಿ ಸೂಚಿಸಿದ ಮದ್ದು ಪಾಲಿಶ್. ದಯವಿಟ್ಟು ಬೇರೆ ಗ್ರಾಹಕರಿಗೆ ಇದನ್ನು ಹೇಳಬೇಡಿ. ಪಾಲಿಶ್ ಸರಿಪಡಿಸುವುದು ಕೆಳಬದಿಯ ಪಾಲಿಕಾರ್ಬೊನೇಟ್ ಮೇಲಿನ ಗೀರನ್ನು. ಕೊಳೆತಿರುವ ಪದರ 1.2 ಮಿಲಿಮೀಟರ್ ದಪ್ಪದ ಆ ಪ್ಲಾಸ್ಟಿಕ್ಕಿನ ಆಚೆಗೆ, ಲೇಬಲ್ಲಿನ ಅಡಿಯಲ್ಲಿದೆ.

ಮೂರನೆಯ ಸಿಡಿ ಶಾನ್-ನೋಸ್ ಎಂಬ ಐರಿಷ್ ಸಾಂಪ್ರದಾಯಿಕ ಗಾಯನದ್ದು. ಡಿಸ್ಕ್ ಚೆನ್ನಾಗಿದೆ. ಪುಸ್ತಿಕೆ ಇಲ್ಲ, ಮುಖಪುಟದ ಒಂದು ಹಾಳೆ ಮಾತ್ರ. ಐರಿಷ್ ಭಾಷೆಯ ಸಾಹಿತ್ಯ, ಹಾಡು ಯಾರಿಂದ ಬಂತೆಂಬ ಟಿಪ್ಪಣಿ ಎರಡೂ ಪುಸ್ತಿಕೆಯಲ್ಲೇ ಇರುವುದರಿಂದ ‘ಸಂಪೂರ್ಣ’ ಎಂದು ಮಾರಬಾರದಿತ್ತು.

ಇನ್ನು ಚಿತ್ರಗಳು. ಮರುಭೂಮಿಯ ಸಾಹಸ ಚಿತ್ರದ ಡಿವಿಡಿಗೆ ನಿಮ್ಮ ಪುಟದಲ್ಲಿ ‘ಎನ್‌ಟಿಎಸ್‌ಸಿ, ಅಗಲ ಪರದೆ, 132 ನಿಮಿಷ’ ಎಂದಿದೆ. ಎನ್‌ಟಿಎಸ್‌ಸಿ, ಪಾಲ್ ಎರಡೂ ಟಿವಿ ಚಿತ್ರದ ಬೇರೆ ಬೇರೆ ಮಾನಕಗಳು. ಬಂದಿರುವುದು ಪಾಲ್ ಆವೃತ್ತಿ, 126 ನಿಮಿಷ 43 ಸೆಕೆಂಡ್. ದೃಶ್ಯ ಕತ್ತರಿಸಿಲ್ಲ: ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು 25ರಲ್ಲಿ ಓಡಿಸಿದರೆ ಲೆಕ್ಕ ಸರಿಯಾಗಿ ಇಷ್ಟಕ್ಕೇ ಬರುತ್ತದೆ. ಶ್ರುತಿ ತಿದ್ದದೆ ಹೀಗೆ ಮಾಡಿದರೆ ಸದ್ದಿನ ಶ್ರುತಿಯೂ ಮುಕ್ಕಾಲು ಸೆಮಿಟೋನಿನ (ಅರ್ಧ ಸ್ವರದ) ಹತ್ತಿರ ಏರುತ್ತದೆ, ಈ ಡಿಸ್ಕಿನಲ್ಲಿ ಏರಿದೆ. ಹಿನ್ನೆಲೆಯಲ್ಲಿ ಡಿ ಶ್ರುತಿಯ ಪೈಪ್ ನುಡಿಸಿದ್ದರೆ ಅದು ಮುಂದಿನ ಸ್ವರವಾದ ಇ ಫ್ಲಾಟ್‌ನ ಅಂಚಿಗೆ ಹೋಗಿ ನಿಲ್ಲುತ್ತದೆ. ಪಾಲ್ ಎಂದು ಮೊದಲೇ ಬರೆದಿದ್ದರೆ ತಕರಾರೇ ಇರಲಿಲ್ಲ. ತಕರಾರು ಇರಲೇಬೇಕಾದದ್ದು ಚೌಕಟ್ಟಿನ ಬಗ್ಗೆ. 2.35:1 ಅಗಲ-ಎತ್ತರದಲ್ಲಿ ಚಿತ್ರೀಕರಿಸಿದ್ದನ್ನು 4:3ಕ್ಕೆ ಕತ್ತರಿಸಲಾಗಿದೆ, ಅಂದರೆ ಚಿತ್ರದ ಶೇ 43ರಷ್ಟು ಭಾಗ ಪರದೆಯ ಹೊರಗಿದೆ. ಒಂಟೆಗಳ ಸಾಲು ಎಡ ಅಂಚಿನಿಂದ ಬಲ ಅಂಚಿಗೆ ಹಬ್ಬಿರುವ ದೃಶ್ಯದಲ್ಲಿ ಉಳಿದಿರುವುದು ನಾಲ್ಕು ಒಂಟೆ, ಒಂದಿಷ್ಟು ಮರಳು.

ಎರಡನೆಯ ಡಿವಿಡಿಯ ನಡುರಂಧ್ರದಿಂದ ಸುಮಾರು 4 ಮಿಲಿಮೀಟರ್ ಉದ್ದದ ಕೂದಲೆಳೆ ಬಿರುಕು ಹೊರಟಿದೆ. ಪೆಟ್ಟಿಗೆಯ ಹಿಡಿಕೆ ಬಿಗಿ, ಗುಂಡಿ ಒತ್ತದೆ ಡಿಸ್ಕಿನ ಅಂಚು ಹಿಡಿದು ಬಗ್ಗಿಸಿ ಎಳೆದರೆ ಹೀಗಾಗುತ್ತದೆ. ಇದೂ ‘ಓಡುತ್ತದೆ’, ನಿಜ. ರಂಧ್ರದ ತ್ರಿಜ್ಯ 7.5 ಮಿಲಿಮೀಟರ್, ದತ್ತಾಂಶ ಶುರುವಾಗುವುದು 20 ಮಿಲಿಮೀಟರ್ ದಾಟಿದ ಮೇಲೆ. ಬಿರುಕು ಅಲ್ಲಿಗೆ ತಲುಪಿಲ್ಲ, ಅಷ್ಟೇ. ಇಂಥ ಡಿಸ್ಕನ್ನು ವೇಗದ ಕಂಪ್ಯೂಟರ್ ಡ್ರೈವಿಗೆ ಹಾಕಿದರೆ ಒಳಗೇ ಸಿಡಿಯುವ ಅಪಾಯವಿದೆ. ‘ಇನ್ನೊಂದು ಯಂತ್ರದಲ್ಲಿ ಹಾಕಿ ನೋಡಿ’ ಎಂಬ ನಿಮ್ಮ ಸಲಹೆಯನ್ನು ನಾವು ಪಾಲಿಸಲಿಲ್ಲ.

ಬ್ಲೂ-ರೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕ್: ಒಂದು 4ಕೆ, ಇನ್ನೊಂದು ಸಾಮಾನ್ಯ ಬ್ಲೂ-ರೇ. ‘ಎಲ್ಲ ವಲಯಗಳಿಗೂ’, ಅಂದರೆ ಯಾವ ದೇಶದ ಪ್ಲೇಯರ್‌ಗೂ ಒಗ್ಗುತ್ತದೆ, ಎಂದು ಬರೆದಿದ್ದೀರಿ. 4ಕೆ ಡಿಸ್ಕ್‌ಗಳಿಗೆ ವಲಯದ ಬೀಗ ಇರುವುದಿಲ್ಲ, ಆ ಮಟ್ಟಿಗೆ ಸರಿ. ಸಾಮಾನ್ಯ ಬ್ಲೂ-ರೇಗೆ ಬಿ ವಲಯದ ಬೀಗವಿದೆ. ಎ ಅಥವಾ ಸಿ ವಲಯದ ಪ್ಲೇಯರ್ ಅದನ್ನು ತೆರೆಯುವುದೇ ಇಲ್ಲ. ಚಿತ್ರೀಕರಣದ ಸಾಕ್ಷ್ಯಚಿತ್ರ ಮತ್ತು ಉಳಿದ ಹೆಚ್ಚುವರಿ ಭಾಗಗಳೆಲ್ಲ ಇರುವುದು ಆ ಡಿಸ್ಕಿನಲ್ಲಿ ಮಾತ್ರ. ಪೆಟ್ಟಿಗೆಯ ಹಿಂಬದಿಯಲ್ಲಿ ಷಟ್ಕೋನದೊಳಗೆ ‘ಬಿ’ ಗುರುತು ಕಣ್ಣಿಗೆ ರಾಚುವಂತಿದೆ.

ನಾವು ಕೇಳುವುದು ಇಷ್ಟು. ಬ್ರಿಟನಿಯ ಸಿಡಿ-ಆರ್, ಕಂದು ಹತ್ತಿದ ಸಿಡಿ, ಎರಡೂ ಡಿವಿಡಿಗಳು ಮತ್ತು ಬ್ಲೂ-ರೇ ಪೆಟ್ಟಿಗೆ, ಈ ಐದಕ್ಕೆ ಸಾಗಣೆ ವೆಚ್ಚ ಸೇರಿ ಪೂರ್ತಿ ಹಣ ವಾಪಸ್ ಬರಬೇಕು. ಹಿಂದಿರುಗಿಸುವ ಅಂಚೆ ಖರ್ಚೂ ನಿಮ್ಮದೇ. ಶಾನ್-ನೋಸ್ ಸಿಡಿಯನ್ನು ಇಟ್ಟುಕೊಳ್ಳುತ್ತೇವೆ, ಪುಸ್ತಿಕೆ ಕಳಿಸಿ ಅಥವಾ ಬೆಲೆಯ ಒಂದು ಭಾಗ ಇಳಿಸಿ. ಬದಲಿ ಡಿಸ್ಕ್ ಕಳಿಸುವುದಾದರೆ ಮೊದಲು ಒಳ ಉಂಗುರದ ಮತ್ತು ಕೆಳಬದಿಯ ಫೋಟೊ ಕಳಿಸಿ. ಡಿಸ್ಕನ್ನು ಸ್ವಲ್ಪ ಓರೆ ಹಿಡಿದು ಒಂದೇ ದೀಪದ ಬೆಳಕಿನಲ್ಲಿ ತೆಗೆದರೆ ಸಂಖ್ಯೆ ಓದಲು ಬರುತ್ತದೆ. ಫ್ಲ್ಯಾಶ್ ಹಾಕಿದರೆ ಬರೀ ಬಿಳಿ ಕಾಣುತ್ತದೆ.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬರದಿದ್ದರೆ ಪಾವತಿ ಮಾಡಿದ ಕಾರ್ಡಿನ ಮೂಲಕವೇ ಹಣ ವಾಪಸಿಗೆ ಅರ್ಜಿ ಹಾಕುತ್ತೇವೆ, ಗ್ರಾಹಕರ ಅಹವಾಲು ವೇದಿಕೆಗೂ ಹೋಗುತ್ತೇವೆ. ಐದೂ ವಸ್ತುಗಳು ಬಂದ ಸ್ಥಿತಿಯಲ್ಲೇ ಇವೆ. ಸಿಡಿ-ಆರ್‌ನ ಪೆಟ್ಟಿಗೆಯ ಮೇಲೆ ಮಾತ್ರ ‘ನಕಲು’ ಎಂದು ಚೀಟಿ ಅಂಟಿಸಿ ಕಳಿಸುತ್ತೇವೆ. ಅದು ಮತ್ತೆ ‘ಮೂಲ ಮುದ್ರಣ’ವಾಗಿ ನಿಮ್ಮ ಪಟ್ಟಿಗೆ ಏರುವುದಿಲ್ಲ ಎಂಬ ಒಂದು ಸಾಲಿನ ಖಾತರಿಯೂ ನಿಮ್ಮ ಉತ್ತರದಲ್ಲಿರಲಿ.

ಇಂತಿ,
ಖರೀದಿದಾರರು

ಲಗತ್ತು: ರಸೀದಿ, ಮಾರಾಟ ಪುಟದ ಪ್ರತಿ, ಡಿಸ್ಕ್‌ಗಳ ಫೋಟೊ, ಏಟಿಪ್ ಹಾಗೂ ಸ್ಪೆಕ್ಟ್ರಮ್ ಚಿತ್ರಗಳು, ಓದಿಕೆಯ ಲಾಗ್