ಮನೆಯಲ್ಲೇ ಉಳಿದು ಆರೈಕೆ ಮಾಡುವವರಿಗೂ ನಿದ್ದೆ, ರಜೆ ಬೇಕು

ಮಾನ್ಯ ಸಂಪಾದಕರೇ,

ಹಾಸಿಗೆ ಹಿಡಿದ ಹಿರಿಯರನ್ನೂ ಮರೆಗುಳಿ ಕಾಯಿಲೆಗೆ ತುತ್ತಾದವರನ್ನೂ ನೋಡಿಕೊಳ್ಳಲು ಏಜೆನ್ಸಿಗಳ ಮೂಲಕ ‘ಹೋಂ ನರ್ಸ್’ಗಳನ್ನು ಇಟ್ಟುಕೊಳ್ಳುವುದು ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಈಗ ಸಾಮಾನ್ಯವಾಗಿದೆ. ಹೆಸರಿಗೆ ನರ್ಸ್ ಎಂದರೂ ಇವರಲ್ಲಿ ಅನೇಕರು ಶುಶ್ರೂಷೆ ಓದಿದವರಲ್ಲ; ಅಲ್ಪಸ್ವಲ್ಪ ತರಬೇತಿ ಪಡೆದು, ಮಕ್ಕಳನ್ನು ಊರಿನಲ್ಲಿ ಅಜ್ಜಿಯರ ಬಳಿ ಬಿಟ್ಟು ಬಂದ ಹೆಣ್ಣುಮಕ್ಕಳು. ಆಸ್ಪತ್ರೆಯ ವಾರ್ಡುಗಳಲ್ಲಿ ದುಡಿದು ನಿವೃತ್ತಳಾದ ನಾನು, ಪರಿಚಿತರ ಮನೆಗಳಲ್ಲಿ ಇಂಥವರೊಡನೆ ಮಾತನಾಡಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ಎಷ್ಟೇ ಒತ್ತಡವಿದ್ದರೂ ನಮಗೆ ಪಾಳಿ ಮುಗಿಯುವ ಹೊತ್ತೊಂದಿತ್ತು. ಇವರಿಗೆ ಅದಿಲ್ಲ. ಹಾಸಿಗೆ ಹುಣ್ಣಾಗದಂತೆ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕಾಗುತ್ತದೆ, ರಾತ್ರಿಯೂ ಅದು ತಪ್ಪುವುದಿಲ್ಲ. ಮರೆಗುಳಿ ಕಾಯಿಲೆಯ ಹಲವರಲ್ಲಿ ಸಂಜೆಯಾಗುತ್ತಿದ್ದಂತೆ ಗಲಿಬಿಲಿ, ಸಿಡುಕು ಹೆಚ್ಚುತ್ತವೆ. ಇರುಳೆಲ್ಲ ಎದ್ದು ಓಡಾಡುತ್ತಾರೆ, ತಮ್ಮ ಮನೆಗೆ ಹೋಗಬೇಕೆಂದು ಬಾಗಿಲು ಬಡಿಯುತ್ತಾರೆ, ಅನ್ನ ಉಣಿಸುವವಳನ್ನೇ ಕಳ್ಳಿ ಎನ್ನುತ್ತಾರೆ. ಇವೆಲ್ಲ ಕಾಯಿಲೆಯ ಲಕ್ಷಣಗಳೆಂದು ವೈದ್ಯರು ಮಕ್ಕಳಿಗೆ ಹೇಳಿರುತ್ತಾರೆ. ಬೈಗುಳ ತಿನ್ನುವವಳಿಗೆ ಮಾತ್ರ ಅದನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ. ಡಾಕ್ಟರ ಬಳಿ ಹೋಗುವಾಗ ಅವಳನ್ನೂ ಕೂರಿಸಿಕೊಂಡು ಕೇಳಿಸಿದರೆ ಅರ್ಧ ಭಾರ ಇಳಿಯುತ್ತದೆ. ಇದಕ್ಕೆ ಖರ್ಚೇನೂ ಇಲ್ಲ.

ವಾರಗಟ್ಟಲೆ ನಿದ್ದೆಗೆಟ್ಟವಳಿಗೆ ಧ್ಯಾನ ಮಾಡು, ಧೈರ್ಯ ತಂದುಕೋ ಎಂದು ಉಪದೇಶಿಸುವುದು ನನಗೆ ಹಾಸ್ಯಾಸ್ಪದವಾಗಿ ಕಾಣುತ್ತದೆ. ನಿದ್ದೆ ಕೆಟ್ಟರೆ ಮನಸ್ಸು ಕೆಡುತ್ತದೆ, ಮನಸ್ಸು ಕೆಟ್ಟರೆ ಕೈ ಒರಟಾಗುತ್ತದೆ, ಕೊನೆಗೆ ಅದರ ಫಲ ಉಣ್ಣುವವರು ಮಾತನಾಡಲಾಗದ ಆ ಹಿರಿಯರೇ. ಆದ್ದರಿಂದ ವಾರದಲ್ಲಿ ಕೆಲವು ರಾತ್ರಿಗಳನ್ನಾದರೂ ಮನೆಯವರು ವಹಿಸಿಕೊಳ್ಳಬೇಕು, ಅಥವಾ ರಾತ್ರಿಗೆಂದೇ ಇನ್ನೊಬ್ಬರನ್ನು ನೇಮಿಸಬೇಕು. ‘ನಮ್ಮ ಮನೆಯವಳ ಹಾಗೇ ನೋಡಿಕೊಳ್ಳುತ್ತೇವೆ’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ನಮ್ಮಲ್ಲಿ ಮನೆಯವಳಿಗೆ ರಜೆ ಕೊಟ್ಟವರು ಯಾರಿದ್ದಾರೆ?

ಮಾನಸಿಕ ಆರೋಗ್ಯಕ್ಕಾಗಿ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ (14416) ಉಚಿತವಾಗಿದ್ದು, ದಿನದ 24 ಗಂಟೆಯೂ ಕನ್ನಡದಲ್ಲಿಯೂ ಲಭ್ಯವಿದೆ. ಆದರೆ ರೋಗಿಯ ಕೋಣೆಯಲ್ಲೇ ನೆಲದ ಮೇಲೆ ಮಲಗುವವಳು, ತಲೆಯ ಮೇಲೆ ಕ್ಯಾಮೆರಾ ಇರುವಾಗ, ಯಾರಿಗೆ ಏನೆಂದು ಫೋನ್ ಮಾಡಿಯಾಳು? ದಿನಕ್ಕೊಂದು ಗಂಟೆ ಫೋನು ಹಿಡಿದು ಹೊರಗೆ ಹೋಗಿಬರುವ ಬಿಡುವು, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಮೂಲೆ ಸಿಕ್ಕ ಮೇಲೆಯೇ ಆ ಸಂಖ್ಯೆಯಿಂದ ಅವಳಿಗೆ ಪ್ರಯೋಜನ.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಆರೈಕೆಯವಳು ವರ್ಷಗಟ್ಟಲೆ ಉಣಿಸಿ, ಮೀಯಿಸಿ, ಮಲಮೂತ್ರ ಬಳಿದ ಅಜ್ಜಿಯೊಬ್ಬರು ತೀರಿಕೊಂಡರೆ ಮನೆಯವರಿಗೆ ವೈಕುಂಠ ಸಮಾರಾಧನೆಯವರೆಗೆ ದುಃಖಿಸಲು ಅವಕಾಶವಿದೆ, ಸಂತೈಸಲು ನೆಂಟರಿದ್ದಾರೆ. ಆರೈಕೆ ಮಾಡಿದವಳನ್ನು ಮಾತ್ರ ಏಜೆನ್ಸಿಯವರು ಎರಡೇ ದಿನಗಳಲ್ಲಿ ಮತ್ತೊಂದು ಮನೆಗೆ, ಮತ್ತೊಬ್ಬ ಸಾಯುತ್ತಿರುವವರ ಬಳಿಗೆ ಕಳುಹಿಸುತ್ತಾರೆ. ಎಡೆಯಲ್ಲಿ ಕೆಲವು ದಿನ ಸಂಬಳಸಹಿತ ಬಿಡುವು ಕೊಡುವ ರೂಢಿ ಏಕೆ ಬರಬಾರದು?

ಕಾನೂನಿನ ನೆರಳು ಇವರ ಮೇಲೆ ಇನ್ನೂ ಸರಿಯಾಗಿ ಬಿದ್ದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ ಅಂಗೀಕರಿಸಿದ 189ನೇ ಒಪ್ಪಂದವು ಮನೆಗೆಲಸದವರಿಗೆ ವಾರಕ್ಕೊಮ್ಮೆ ಸತತ 24 ಗಂಟೆಗಳ ವಿಶ್ರಾಂತಿ ಇರಬೇಕೆನ್ನುತ್ತದೆ. ಭಾರತ ಅದನ್ನು ಅನುಮೋದಿಸಿಲ್ಲ. ಮನೆಗೆಲಸದವರ ರಕ್ಷಣೆಗೆ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಕೇಂದ್ರಕ್ಕೆ ಸೂಚಿಸಿತ್ತು. ಇಂಥ ಕಾನೂನು ರೂಪಿಸುವಾಗ, ಗುಡಿಸಿ ಒರೆಸಿ ಸಂಜೆ ತಮ್ಮ ಮನೆಗೆ ಮರಳುವವರನ್ನಷ್ಟೇ ಕಣ್ಣಮುಂದಿಟ್ಟುಕೊಂಡರೆ ಸಾಲದು. ಮನೆಯಲ್ಲೇ ಉಳಿಯುವ ಆರೈಕೆದಾರರ ರಾತ್ರಿಯ ಕೆಲಸವನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಬೇಕು, ವಾರದ ರಜೆಯ ದಿನ ಬದಲಿ ಆಳು ಕಳುಹಿಸುವುದನ್ನು ಏಜೆನ್ಸಿಗಳ ಹೊಣೆಯಾಗಿಸಬೇಕು. ಅಲ್ಲಿಯವರೆಗೆ ರಾಜ್ಯದ ಕಾರ್ಮಿಕ ಇಲಾಖೆಯು ಈ ಷರತ್ತುಗಳುಳ್ಳ ಮಾದರಿ ಕರಾರು ಪತ್ರವೊಂದನ್ನು ಕನ್ನಡದಲ್ಲಿ ಪ್ರಕಟಿಸಲಿ ಎಂಬುದು ನನ್ನ ವಿನಂತಿ.

– ನಿವೃತ್ತ ಶುಶ್ರೂಷಕಿ, ಬೆಂಗಳೂರು